ಹದಿನೆಂಟು-ಹತ್ತೊಂಬತ್ತರ ಪಾನಾ

ನಮ್ಮ ಗೋದಲಿಯಲ್ಲಿ ಜೋಸೆಫ ಇರಲಿಲ್ಲ.
ಅವನ ಜಾಗದಲ್ಲಿ ಒಂದು ಪಾನಾ ನಿಲ್ಲುತ್ತಿತ್ತು,
ರೈಲ್ವೆ ವರ್ಕ್‌ಶಾಪಿನಿಂದ ಅಪ್ಪ ತಂದದ್ದು,
ಎರೆಮಣ್ಣಿನ ಉಂಡೆಯೊಳಗೆ ಅರ್ಧ ಹುಗಿದುಕೊಂಡು
ಬಾಯಿ ತೆರೆದು ಮೇಲೆ ನೋಡುತ್ತ,
ಈಗಷ್ಟೇ ದೇವದೂತನನ್ನು ಕಂಡವರ ಹಾಗೆ.

ಪಾಲಾದದ್ದು ನಾನು ಹುಟ್ಟುವ ಮೊದಲು,
ಗದಗ ರೋಡಿನ ಕ್ವಾರ್ಟರ್ಸಿನಲ್ಲಿ.
ತಾಮ್ರದ ಹಂಡೆ ಅಪ್ಪನಿಗೆ, ಹೊಲಿಗೆ ಮಷಿನ್ನು ಕಾಕಾನಿಗೆ,
ಜೋಳದ ಚೀಲ ಸೇರು ಹಿಡಿದು ಅಳೆದರಂತೆ.
ಕಡೆಗೆ ಉಳಿದದ್ದು ಮಂಚದ ಕೆಳಗಿನ ಬಿಸ್ಕಿಟ್ ಡಬ್ಬಿ,
ಹತ್ತಿಯಲ್ಲಿ ಸುತ್ತಿಟ್ಟ ಆರು ಗೊಂಬೆ.
ಕಾಕಾ ಒಂದನ್ನೇ ಎತ್ತಿಕೊಂಡ:
"ನಾನು ಸೂಸಯಪ್ಪ. ಇಂವ ನನ್ನ ಹೆಸರಿನಾಂವ. ನನಗ ಇಷ್ಟ ಸಾಕು."
ಅಪ್ಪ ಅಂದ, "ಒಯ್ಯಿ.
ಕೂಸಿನ ಅಪ್ಪನ್ನ ಕಿಸೇದಾಗ ಹಾಕ್ಕೊಂಡು ಹೋಗು."
ಒಂದು ಮಾತು.
ಇಪ್ಪತ್ತಾರು ಕ್ರಿಸ್ಮಸ್ಸು.

ಆಗಮನ ಕಾಲದ ಎರಡನೇ ಮೊಂಬತ್ತಿ ಹಚ್ಚಿದ ದಿನ
ಅವ್ವ ಒಡಕು ತಾಟಿನಲ್ಲಿ ಗೋಧಿ ಬಿತ್ತುತ್ತಾಳೆ,
ಹಬ್ಬಕ್ಕೆ ಬೆರಳುದ್ದ ಹಸಿರು.
"ನಮ್ಮ ದಸರಿ ಘಟ್ಟದ ಸಸಿ ಇದ್ದಂಗ ಐತಿ ನೋಡು"
ಎನ್ನುತ್ತಾಳೆ ಎದುರುಮನೆ ನೀಲವ್ವ,
ಕರ್ಚಿಕಾಯಿಯ ಅಂಚು ಮಡಿಚುತ್ತ.
ಆಮೇಲೆ, ಪ್ರತಿ ವರ್ಷದಂತೆ,
"ಈ ಸಲಾನೂ ಪಾನಾನ ಏನ, ಆರೋಗ್ಯಮ್ಮಾ?"
ಅವ್ವ ಎಣ್ಣೆ ಕಾದದ್ದು ನೋಡುತ್ತ,
"ಅದಕ್ಕ ಇನ್ನ ತುಕ್ಕ ಹಿಡದಿಲ್ಲಲ್ಲ."

ಈ ವರ್ಷ ಅಪ್ಪ ಇಲ್ಲ.
ಮಣ್ಣಿಗೆ ಕಾಕಾ ಬಂದಿದ್ದ,
ಸಿಮೆಟರಿ ಗೇಟಿನ ಹತ್ತಿರ ಚಪ್ಪಲಿ ಬಿಟ್ಟು,
ಎಲ್ಲರೂ ಹಾಕಿದ ಮೇಲೆ ಒಂದು ಹಿಡಿ ಹಾಕಿ
ಕೈ ತೊಳೆಯದೆ ಬಸ್ಸು ಹತ್ತಿದ.

ಇಪ್ಪತ್ಮೂರನೇ ತಾರೀಖು ಅವ್ವ ಡಬ್ಬಿ ಕಟ್ಟಿಕೊಟ್ಟಳು:
"ಏನೂ ಕೇಳಬ್ಯಾಡ. ಕೊಟ್ರ ತಗೋಬ್ಯಾಡ.
ಕರ್ಚಿಕಾಯಿ ಕೊಟ್ಟು ಬಾ."
ಪ್ಯಾಸೆಂಜರ್ ಗಾಡಿ. ಹೆಬಸೂರು, ಅಣ್ಣಿಗೇರಿ,
ಕಿಟಕಿಯ ತುಂಬ ಕಡಲೆ, ಕುಸುಬೆ,
ತೊಡೆಯ ಮೇಲೆ ಇನ್ನೂ ಬಿಸಿ ಆರದ ಡಬ್ಬಿ.

ಬೆಟಗೇರಿಯ ಓಣಿ. ಮಗ್ಗದ ಸಪ್ಪಳ ಗೋಡೆ ದಾಟಿ
ನೀರಿನ ಕೊಡದೊಳಗೂ ನಡುಗುತ್ತಿತ್ತು.
ದೀಪದ ಮಾಡದಲ್ಲಿ ಕಾಕಾನ ಗೋದಲಿ:
ಮೂಗು ಚಕ್ಕೆ ಎದ್ದ ಜೋಸೆಫ, ಒಬ್ಬನೇ.
ಪಕ್ಕದಲ್ಲಿ ನೀಲಿ ನೂಲು ಹೊದ್ದ ಒಂದು ಲಾಳಿ,
ತಲೆ ಬಗ್ಗಿಸಿದ ಹಾಗೆ ಒರಗಿ ನಿಂತದ್ದು.
ನಡುವೆ ಹಿಂಜಿದ ಹತ್ತಿ,
ಹತ್ತಿಯೊಳಗೆ ಒಂದು ತಗ್ಗು.
ತಗ್ಗಿನಲ್ಲಿ ಏನೂ ಇಲ್ಲ.

ಕೇಳಬಾರದೆಂದು ಕೇಳಲಿಲ್ಲ.
ಪಿಲ್ಲಮ್ಮ ಕಾಕು ತಾನಾಗೇ ಅಂದಳು,
"ಆಕಿಗೆ ಲಾಳಿ ಇಟ್ಟಾರ. ಕೂಸಿಗೆ ಮಾತ್ರ
ಬದಲಿ ಇಡಾಕ ಬರೂದಿಲ್ಲ ಅಂತಾರ."

ಕಾಕಾ ಕರ್ಚಿಕಾಯಿ ಮುರಿದು,
ಬೆಲ್ಲ-ಕೊಬ್ಬರಿ ಅಂಗೈಗೆ ಉದುರಿಸಿಕೊಂಡು,
ನನ್ನ ಕಡೆ ನೋಡದೆ ಕೇಳಿದ:
"ನಿಮ್ಮನ್ಯಾಗ ಜೋಸೆಫನ ಬದ್ಲಿ ಏನ ಇಡ್ತೀರಿ?"
"ಪಾನಾ."
"ಯಾವ ನಂಬರಿಂದು?"
"ಹದಿನೆಂಟು-ಹತ್ತೊಂಬತ್ತು."
ಮಗ್ಗದ ಸಪ್ಪಳ ಯಾಕೋ ನಿಂತಿತ್ತು, ಕರೆಂಟು ಹೋಗಿರಬೇಕು.
"ಅದು ನಂದು," ಅಂದ. "ಅಪ್ರೆಂಟಿಸ್ ಇದ್ದಾಗಿಂದು.
ಕಳದೈತಿ ಅಂತ ನನ್ನ ಪಗಾರದಾಗ ಹಿಡಕೊಂಡಿದ್ರು.
ನಡುವ ಸೂ ಅಂತ ಕೊರದೀನಿ. ನೋಡಿಲ್ಲೇನ?"

ಎಲ್ಲಿ ನೋಡಲಿ?
ನಾನು ಹುಟ್ಟಿದಾಗಿನಿಂದ ಅದರ ನಡು ಮಣ್ಣಿನೊಳಗೆ.

ಹಬ್ಬದ ಹಿಂದಿನ ರಾತ್ರಿ. ಕೇಶ್ವಾಪುರದ ಮನೆ.
ಹನ್ನೊಂದಕ್ಕೆ ಮೊದಲ ಗಂಟೆ ಹೊಡೆಯಿತು,
ಅವ್ವ ಬಿಳಿ ಸೀರೆಗೆ ಪಿನ್ನು ಹುಡುಕುತ್ತಿದ್ದಳು.
ನಾನು ಗೋದಲಿಯ ಮುಂದೆ ಕುಳಿತು
ಪಾನಾ ಕಿತ್ತು ಸೆರಗಿನಿಂದ ಒರೆಸಿದೆ.
ಸೂ. ವಕ್ರ ಅಕ್ಷರ, ಮೊಳೆಯಿಂದ ಕೊರೆದದ್ದು.
"ನಿನಗ ಗೊತ್ತಿತ್ತೇನಬೇ?"

"ತುಕ್ಕ ಯಾಕ ಹಿಡದಿಲ್ಲ ಅಂತ ತಿಳದಿ?
ಹಬ್ಬ ಮುಗದ ಮ್ಯಾಲ ಮುನ್ನೂರಾ ಅರವತ್ತ ದಿನಾ
ತಲಿದಿಂಬಿನ ಕೆಳಗ. ಜಪಸರ ಆದ ಮ್ಯಾಲ ಒಂದ ಹನಿ ಎಣ್ಣಿ.
ನಡಿ, ಪೂಜಿಗೆ ಹೊತ್ತಾತು."

ಚಿಲಕ ಹಾಕುವ ಮೊದಲು ಹಿಂದಿರುಗಿ
ಅದನ್ನು ಅದರ ಜಾಗದಲ್ಲೇ ನೆಟ್ಟೆ,
ಗೋಧಿ ಸಸಿಯ ನಡುವೆ, ಕೂಸಿನ ಬಲಕ್ಕೆ.
ಈ ಸಲ ಅಷ್ಟು ಆಳಕ್ಕಲ್ಲ.