ಬೆನ್ನು

ಕವಿತಾಳದ ಸಾಲಿ ಬಯಲು ಹತ್ತಿರವಾದರೆ
ಚಿಲ್ಲರೆ ಎಣಿಸುವ ನೆವ ಮಾಡಿ
ಎಡಗಡೆ ನೋಡುವುದಿಲ್ಲ ನಾನು.
ಡ್ರೈವರ್ ಖಾಜಾಸಾಬಗೆ ಗೊತ್ತು, ಕೇಳಿಲ್ಲ.

ನಾಲ್ಕೂವರೆಯ ಟ್ರಿಪ್ಪಿಗೆ ಅಲ್ಲಿ
ಸುಣ್ಣದ ಗೆರೆ ಮೇಲೆ ಹುಡುಗಿಯರು ಕೂತಿರುತ್ತಾರೆ,
ಒಬ್ಬಳ ಮುಖ ಆ ಕಡೆ, ಒಬ್ಬಳದು ಈ ಕಡೆ.
ಕಿಟಕಿ ಹಾಕಿದರೂ ಒಳಗೆ ಬರುತ್ತದೆ
ಆ ಒಂದೇ ಅಕ್ಷರ:
ಖೋ.
ಮೊಣಕಾಲು ತಾವೇ ಬಿಗಿಯುತ್ತವೆ.
ಬೆನ್ನ ಮೇಲೆ, ಎಡ ರೆಕ್ಕೆಯ ಕೆಳಗೆ,
ಅಂಗೈಯಗಲ ಜಾಗ
ಇನ್ನೂ ಕಾಯುತ್ತದೆ.

ಎಷ್ಟು ಹಚ್ಚಿಕೊಂಡಿದ್ದೆ ಈ ಆಟವನ್ನು!
ಹತ್ತಿ ಬಿಡಿಸುವ ಹೊಲದಲ್ಲೂ
ಸಾಲು ಹಾರಿ ಓಡಿ ಅವ್ವನ ಬೆನ್ನು ಮುಟ್ಟುತ್ತಿದ್ದೆ.
'ಹುಚ್ಚೀ, ಕಾಯಿ ಉದುರ್ತಾವ' ಅನ್ನುತ್ತಿದ್ದಳು.
ಅಂದು, ಏಳುತ್ತಿದ್ದಳು.

ಒಂಬತ್ತನೇತ್ತ. ಮಾನವಿಯಲ್ಲಿ ತಾಲೂಕು ಫೈನಲ್.
ನಾಲ್ಕನೇ ಚೌಕದಲ್ಲಿ ನಾನು.
ಶಶಿಕಲಾ ಓಡಿ ಬಂದಳು, ಹಿಂದೆ ನಿಂತಳು, 'ಖೋ' ಅಂದಳು.
ದನಿ ಮುಟ್ಟಿತು. ಕೈ ಮುಟ್ಟಲಿಲ್ಲ.
ನಡುವೆ ಗೇಣುದ್ದ ಗಾಳಿ.
ಎದ್ದೆ.
ಸೀಟಿ. ಫೌಲ್.

ಪ್ರಾಕ್ಟೀಸಿನಲ್ಲೂ ಅವಳದು ಹೀಗೇ.
ಅಲ್ಲಿ ಸೀಟಿ ಇದ್ದದ್ದು ನಮ್ಮ ಮಾಸ್ತರ ಬಾಯಲ್ಲಿ,
ಊದುತ್ತಿರಲಿಲ್ಲ.
ಮಾನವಿಯ ಅಂಪೈರಿಗೆ ನಮ್ಮೂರು ಗೊತ್ತಿರಲಿಲ್ಲ.

ಮೂರು ಸಲ. ಮೂರೂ ಸಲ ಎದ್ದೆ,
ಕೂತೇ ಉಳಿದಿದ್ದರೆ ಯಾಕೆ ಕೂತಿ ಎಂದು ಕೇಳುತ್ತಿದ್ದರು,
ಹೇಳಬೇಕಾಗುತ್ತಿತ್ತು.

ಟೆಂಪೋದಲ್ಲಿ ಮಾಸ್ತರು:
'ಕೈ ಬೀಳೂಕಿಂತ ಮೊದ್ಲ ಯಾಕ ಎದ್ದೀ?
ನಿಮ್ಮೋರಿಗೆ ತಾಳ್ಮಿ ಅನ್ನೋದ ಇಲ್ಲ.'
ಎಲ್ಲರೂ ನಕ್ಕರು. ನಾನೂ ನಕ್ಕೆ.
ಆ ನಗು ಇನ್ನೂ ಹಲ್ಲಿನ ಸಂದಿಯಲ್ಲಿದೆ.

ಆಮೇಲೆ ಆಟದ ಪಿರಿಯಡ್ಡಿಗೆ ಹೊಟ್ಟೆನೋವು.
ನೀಲಿ ಚಡ್ಡಿ ಒಲೆಯ ಮಸಿ ಅರಿವೆಯಾಯಿತು.
ಹೊಲದಲ್ಲಿ ಅವ್ವ ಬೆನ್ನು ಕೊಟ್ಟು
ತುಸು ಹೊತ್ತು ಬಗ್ಗಿಯೇ ಇದ್ದಳು.
ನಾನು ನಡೆದುಕೊಂಡೇ ಹೋದೆ.

ಈಗ ಸೀಟಿ ನನ್ನ ಕೊರಳಲ್ಲಿ.
ಎದೆಯ ಪಟ್ಟಿಯಲ್ಲಿ 'ಹುಲಿಗೆಮ್ಮ ಮಾದರ' ಓದಿದವರಲ್ಲಿ
ಕೆಲವರು ಮೇಲಿನಿಂದ ಬಿಡುತ್ತಾರೆ ದುಡ್ಡು, ಅಂಗೈಗೆ.
ಊದಿದರೆ ಬಸ್ಸು ನಿಲ್ಲುತ್ತದೆ,
ಅಷ್ಟೇ.

ನಿನ್ನೆ ರಾತ್ರಿ ರೊಟ್ಟಿ ಬಡಿಯುತ್ತಿದ್ದೆ.
ಮಗಳು ಹಿಂದಿನಿಂದ ಬಂದು ಬೆನ್ನ ಮೇಲೆ ಕೈಯಿಟ್ಟಳು,
ಅಂಗೈ ಪೂರ್ತಿ, ಐದೂ ಬೆರಳು.
'ಯವ್ವ, ಖೋಖೋ ಟೀಮಿಗೆ ತಗೊಂಡಾರ!'

ನಾನು ಏಳಲಿಲ್ಲ.
'ಮುಟ್ಟಿ ಕೊಡ್ತಾರೇನ?' ಎಂದೆ.
'ಏನವ್ವ?' ಅಂದಳು.
ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.