ಹೊರ ಲಂಗರು

ಹದಿನೇಳು ವರ್ಷ ನಲವತ್ತು ಮೀಟರ್ ಎತ್ತರದಲ್ಲಿ ಕೂತು
ಎರಡು ಮೊಣಕಾಲುಗಳ ನಡುವಿನ ಗಾಜಿನೊಳಗಿಂದ
ಸೊಹಾರ್ ಬಂದರು ನೋಡಿದವನು ನಾನು.
ಕುತ್ತಿಗೆ ಬಗ್ಗಿಸಿ, ಬೆನ್ನು ಬಗ್ಗಿಸಿ,
ಡಬ್ಬಿಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಡಬ್ಬಿ.
ಒಳಗೇನಿದೆ ಎಂದು ಕೇಳುವುದು ಕ್ರೇನಿನವನ ಕೆಲಸವಲ್ಲ.

ಒಂದು ಆಗಸ್ಟ್ ಮಧ್ಯಾಹ್ನ ಏಣಿ ಇಳಿಯುವಾಗ
ಎಡಗಾಲಿನೊಳಗೆ ಯಾರೋ ಕಾಯಿಸಿದ ಸರಿಗೆ ತೂರಿಸಿದರು.
ತೂರಿಸಿದವರು ತೆಗೆಯಲಿಲ್ಲ.
ಒಂದು ಶಸ್ತ್ರಕ್ರಿಯೆ. ಅದನ್ನು ಸರಿಮಾಡಲು ಇನ್ನೊಂದು.

ಸೊನ್ನೆಯಿಂದ ಹತ್ತರೊಳಗೆ ಎಷ್ಟು,
ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೇಳಿದರು.
ನನ್ನ ಬಳಿ ಅಂಕಿ ಇರಲಿಲ್ಲ, ಇದ್ದವು ಇಷ್ಟೇ:
ಚಳುಕು, ಸೆಳೆತ, ಉರಿ,
ಬೆಳಗಿನ ಜಾವ ಮೂರಕ್ಕೆ ಬರುವ ಆ ಕೊರೆತ.
ಮಲಯಾಳಿ ನರ್ಸ್ ಎಲ್ಲ ಕೇಳಿಸಿಕೊಂಡು
ಎಂಟು ಎಂದು ಬರೆದಳು.

ಪರೀಕ್ಷೆಗೆಂದು ಏಳು ದಿನ ತಂತಿ ಹೊರಗೇ.
ಸ್ನಾನವಿಲ್ಲ, ಬಗ್ಗುವಂತಿಲ್ಲ.
ಮಾರಿಸೆಲ್ ಎಂಬ ಹುಡುಗಿ ಟ್ಯಾಬ್ ಹಿಡಿದು ಎದುರು ಕೂತಳು.
ಈಗ ಎಲ್ಲಿ? ತೊಡೆ.
ಈಗ? ಮೀನಖಂಡ.
ಈಗ?
ಹೆಬ್ಬೆರಳ ತುದಿಯಲ್ಲಿ ಜುಮುಜುಮು,
ಇರುವೆ ಸಾಲಿಗೆ ಬೆಲ್ಲ ಸಿಕ್ಕಿದ ಹಾಗೆ.
ನಕ್ಕುಬಿಟ್ಟೆ. ನಾಲ್ಕು ವರ್ಷದಲ್ಲಿ ಮೊದಲ ಸಲ
ನನ್ನ ಕಾಲು ಬೇರೆ ಮಾತಾಡಿತ್ತು.

ಸೊಂಟದ ಕೆಳಗೆ ಚರ್ಮದಡಿ ಈಗ
ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ.
ನೋವು ಹೋಗುವುದಿಲ್ಲ, ಡಾಕ್ಟರ್ ನಾಸರ್ ಮೊದಲೇ ಹೇಳಿದ್ದರು,
ಅದರ ಸುದ್ದಿ ತಲೆ ಮುಟ್ಟದಂತೆ
ದಾರಿಯಲ್ಲಿ ಗದ್ದಲ ಎಬ್ಬಿಸುತ್ತೇವೆ, ಅಷ್ಟೆ.
ಬಂದರಿನವನಿಗೆ ಇಷ್ಟು ಸಾಕು:
ಹಡಗು ಬಂದಿದೆ. ಬರ್ತ್ ಖಾಲಿ ಇಲ್ಲ.

ಈಗ ನೆಲದ ಮೇಲೆ, ಗೇಟಿನಲ್ಲಿ, ಪಾಸಿಗೆ ಮುದ್ರೆ ಒತ್ತುತ್ತೇನೆ.
ಸಂಬಳ ಅರ್ಧ.
ಲೋಹ ಹುಡುಕುವ ಬಾಗಿಲಿಗೆ ನಾನು ಆಗುವುದಿಲ್ಲ,
ಕಾರ್ಡ್ ತೋರಿಸಿ ಬದಿಯಿಂದ ನುಸುಳುತ್ತೇನೆ.
ಬಲೂಚಿ ಕಾವಲುಗಾರ ದುರ್ ಮುಹಮ್ಮದ್ ದಿನವೂ ಕೇಳುತ್ತಾನೆ:
ಬ್ಯಾಟರಿ ಎಷ್ಟು?
ಅರುವತ್ತು.
ನನ್ನ ಫೋನಿಗಿಂತ ವಾಸಿ.

ವಾರಕ್ಕೊಂದು ರಾತ್ರಿ ಚಾರ್ಜಿನ ಪಟ್ಟಿ ಕಟ್ಟಿ
ಕೋಣೆಯಿಂದ ತಾರಸಿಗೆ ಉದ್ದ ವಯರು ಎಳೆದು ಕೂರುತ್ತೇನೆ.
ಬೆನ್ನು ಮೆಲ್ಲಗೆ ಬಿಸಿಯಾಗುತ್ತದೆ,
ಇಸ್ತ್ರಿಯಿಂದ ಆಗಷ್ಟೇ ಎತ್ತಿದ ಅಂಗಿ ತೊಟ್ಟ ಹಾಗೆ.

ಒಮ್ಮೆ, ಸುಮ್ಮನೆ, ರಿಮೋಟ್ ಒತ್ತಿ ಆರಿಸಿ ನೋಡಿದೆ.
ಇತ್ತು.
ಅಲ್ಲೇ ಇತ್ತು. ನನ್ನ ಹೆಸರು ಮರೆತಿರಲಿಲ್ಲ.
ಮತ್ತೆ ಹಾಕಿದೆ.

ಆಚೆ ಕತ್ತಲಲ್ಲಿ ಸರದಿ ಕಾಯುವ ಹಡಗುಗಳ ದೀಪ.
ಎಣಿಸಿದೆ, ಹನ್ನೊಂದು.
ಕೆಳಗಿನಿಂದ ಯಾರೋ ಕೂಗಿದರು:
ವಯರು ತೆಗಿ ಮಾರಾಯ, ಫ್ಯಾನ್ ಹಾಕಬೇಕು.
ಇನ್ನು ಹತ್ತು ನಿಮಿಷ, ಅಂದೆ.