ಸಾಬೂನಿನ ನೊರಿ

ಮಾಪಸಾದ ಶುಕ್ರವಾರದ ಸಂತ್ಯಾಗ
ಫೋನು ಬಂದ್ರ ಕೇಳಸೂದಿಲ್ಲ, ಆದ್ರ ಅಕಿದು ಕೇಳಿಸ್ತು.
"ಬಾಬಾ, ಬಂದು ವಾಸನಿ ನೋಡಿ ಹೋಗು."
ಒಲಿ ಕೆಟ್ಟೈತಿ ಅನ್ನಲಿಲ್ಲ ಎಸ್ಪೆರಾನ್ಸ ಬಾಯಿ,
ಉರಿ ಸಣ್ಣ ಆಗೇತಿ ಅನ್ನಲಿಲ್ಲ.
ವಾಸನಿ ನೋಡು.
ಇದು ಮೂರನೇ ಸಲ.

ಸೈಕಲ್ ಹಿಂದ ಒಂದು ಡಬ್ಬಿ. ಅದರಾಗ
ಎರಡು ಪಾನ, ಇಕ್ಕಳ, ಗ್ರೀಸು, ಎರಡು ಮೊಳ ಪೈಪು,
ಹೊಲಗಿ ಮಷೀನಿನ ಸೂಜಿ ಒಂದು.
ಇಪ್ಪತ್ತೆರಡು ವರ್ಷದ ನನ್ನ ಅಂಗಡಿ ಇಷ್ಟ.

ಒಲಿ ಸುಳ್ಳು ಹೇಳೂದಿಲ್ರಿ, ಮನಿ ಮಂದಿ ಹೇಳತಾರ.
"ಏನೂ ಉಕ್ಕಿಲ್ಲ" ಅಂತಾರ,
ಬರ್ನರಿನ ತೂತಿನ್ಯಾಗ ಹಾಲು ಸುಟ್ಟು ಕಲ್ಲಾಗಿರ್ತೈತಿ.
"ನಿನ್ನೀತನಾ ಸರಿ ಇತ್ತು" ಅಂತಾರ,
ಪಾತೇಲಿ ತಳಕ್ಕ ಆರು ತಿಂಗಳ ಮಸಿ.
ಉರಿ ಹಳದಿ ಆತಂದ್ರ ಗಾಳಿ ಸಾಲವಲ್ದು.
ಕುಂಟಿಕೋತ ಉರದ್ರ ಜೆಟ್ಟಿನ ಬಾಯಾಗ ಕಸ,
ಸೂಜಿ ಹಾಕಿ ಎರಡ ಸಲ ತಿರುವಿದ್ರ ಸಾಕು.
ಅಸ್ಸಗಾಂವದಾಗ ಒಂದು ಒಲಿ
ಹಚ್ಚಿದಾಗೊಮ್ಮೆ ಫಟ್ ಅಂತ ಹಿಂದಕ್ಕ ಹೊಡೀತಿತ್ತು,
ಬಿಚ್ಚಿ ನೋಡಿದ್ರ ಕೊಳವ್ಯಾಗ ಜೇಡ ಬಲಿ ನೇದಿತ್ತು,
ತತ್ತಿ ಸಮೇತ.
ಗುಂಡಿ ಬಿಗಿ ಆತಂತ ಕೊಬ್ಬರಿ ಎಣ್ಣಿ ಬಿಡಬ್ಯಾಡ್ರಿ,
ಎಷ್ಟು ಮಂದಿಗೆ ಹೇಳೇನಿ, ಬಿಡತಾರ.

ಬಾಯಿ ಒಲಿ ಚೊಕ್ಕ ಇತ್ತು.
ಮೂರೂ ಉರಿ ಹಚ್ಚಿದೆ,
ನಮ್ಮ ಎರಿ ಹೊಲದ ಅಗಸಿ ಹೂವಿನ ನೀಲಿ.
ಅಕಿ ಕಣ್ಣು ಉರಿ ಮ್ಯಾಲ ಇರಲಿಲ್ಲ,
ನನ್ನ ಮೂಗಿನ ಮ್ಯಾಲ ಇತ್ತು.
"ಬರ್ತೈತಿ?"
"ಇಲ್ಲ ಬಾಯಿ."
"ಖರೆ?"
"ಖರೆ."

ಮೂಲ್ಯಾಗಿನ ಬುಟ್ಟ್ಯಾಗ
ಮೊನ್ನಿ ಬಂಗಡಿ ಮೀನು ಕೊಳತು ನಾರತಿತ್ತು.
ಅದಕ್ಕ ಆತುಕೊಂಡ ನಿಂತು
ಅಕಿ ನನಗ ಚಾ ಸೋಸತಿದ್ಲು, ನಕ್ಕೋತ.

ಪಾನ ಕೆಳಗಿಟ್ಟೆ.
"ಯಾವಾಗಿಂದ, ಬಾಯಿ?"

ಚಾ ಕಪ್ಪಿನಿಂದ ಬಶಿಗೆ ಬಿತ್ತು.
"ಹ್ವಾದ ಮಳಿಗಾಲದ ಜ್ವರದಿಂದ.
ಫೆಣಿ ನೀರಾತು, ವಿನೇಗರ್ ನೀರಾತು.
ಸೊರ್ಪೊತೆಲ್‌ಗೆ ಇನ್ನೂ ಕೈ ಅಂದಾಜಿನ್ಯಾಗ ಮಸಾಲಿ ಅರೀತೀನಿ,
ಬೆರಳಿಗೆ ನೆನಪೈತಿ.
ಇಡೀ ವಾಡೇಕ ನನ್ನ ಡಬ್ಬಿ ಹೋಗ್ತಾವ ಬಾಬಾ.
ಮೂಗಿಲ್ಲದಾಕಿ ಮಾಡತಾಳಂದ್ರ ಯಾರು ತಿಂತಾರ?"

ಬ್ಯಾರೆ ಏನು ಹೇಳೂದು ಗೊತ್ತಾಗಲಿಲ್ಲ,
ಗೊತ್ತಿದ್ದ ಒಂದು ಹೇಳಿದೆ.
"ಬಟ್ಟಲಾಗ ಸಾಬೂನು ಪುಡಿ ಕದಡ್ರಿ, ನೊರಿ ಬರೂಹಂಗ.
ಉರಿ ಎಲ್ಲಾ ಆರಸ್ರಿ, ಸಿಲಿಂಡರ್ ಚಾಲೂ ಇರಲಿ.
ಕಡ್ಡಿ ಗೀರಿ ನೋಡಬ್ಯಾಡ್ರಿ, ಸತ್ತ ಹೋಗ್ತೀರಿ.
ರೆಗ್ಯುಲೇಟರ್ ಕುತಗಿಗೆ, ಪೈಪಿನ ಎರಡೂ ತುದಿಗೆ,
ಗುಂಡಿ ಬುಡಕ್ಕ, ಕುಂಚಲಿ ಸವರ್ರಿ.
ಗುಳ್ಳಿ ಉಬ್ಬಿದ್ರ ಅಲ್ಲಿ ಸೋರಾಕತ್ತೈತಿ.
ಉಬ್ಬಲಿಲ್ಲಂದ್ರ ನಿಶ್ಚಿಂತಿ ಮಕ್ಕೋರಿ.
ಇದಕ್ಕ ಕಣ್ಣು ಸಾಕು."

ಅಕಿನ ಸವರಿದ್ಲು, ಗೊಂಬಿಗೆ ಬಣ್ಣ ಬಳದಂಗ ಸಾವಕಾಶ.
ರೆಗ್ಯುಲೇಟರ್, ಏನೂ ಇಲ್ಲ. ಗುಂಡಿ, ಇಲ್ಲ.
ಒಲಿ ಹಿಂದಿನ ತುದಿ, ಕ್ಲಿಪ್ಪಿನ ಕೆಳಗ,
ಸಾಸಿವಿಯಷ್ಟು ಒಂದು ಗುಳ್ಳಿ.
ಕಡಲಿ ಆತು. ಒಡೀತು.
ಮತ್ತೊಂದು ಎದ್ದಿತು.

"ನೋಡು" ಅಂದ್ಲು, ಜಾತ್ರಿ ಕಂಡ ಹುಡಿಗ್ಯಂಗ, "ನೋಡು, ಬಾಬಾ!"

ನಾ ಬಗ್ಗಿ ಮೂಗು ಹಚ್ಚಿದೆ.
ಬರಲಿಲ್ಲ.
ಇಪ್ಪತ್ತೆರಡು ವರ್ಷ ಅದನ್ನ ಕುಡದ ಮೂಗು
ಅದನ್ನ ಗಾಳಿ ಅಂತ ತಿಳದಿತ್ತು.
ಮೂರು ಸಲ ಈ ಮನ್ಯಾಗ ಖರೆ ಅಂದಿದ್ದೆ.

ಪೈಪಿನ ಮ್ಯಾಲಿನ ತಾರೀಖು ಮುಗದು ಮೂರು ವರ್ಷ.
ಹೊಸಾದು ಕೊರದು ಹಾಕಿದೆ, ಕ್ಲಿಪ್ಪು ಬಿಗದೆ,
ಇಬ್ಬರೂ ಕೂಡಿ ಮತ್ತ ನೊರಿ ಸವರಿದೆವು,
ಇಬ್ಬರೂ ಮಾತಿಲ್ದ ಕುಂತು ನೋಡಿದೆವು
ನೊರಿ ತಾನಾಗೇ ಇಳದು ಒಣಗೂತನಾ.
ಪೈಪಿನ ರೊಕ್ಕ ಅಷ್ಟ ತಗೊಂಡೆ.
ಯಾಕಂತ ಅಕಿ ಕೇಳಲಿಲ್ಲ, ನಾ ಹೇಳಲಿಲ್ಲ.

ಗಿರಿ ದಾಟಿ ಹೈವೇ ಹತ್ತಿದ ಮ್ಯಾಲ
ಬಂಗಡಿ ಮೀನು ನೆನಪಾತು.
ಬಿಸಲು ನೆತ್ತಿ ಮ್ಯಾಲ. ಮುಂದ ಎರಡು ಮನಿ ಕೆಲಸ.
ಒಂದು ಕಾಲು ನೆಲಕ್ಕ ಊರಿ ಸ್ವಲ್ಪ ಹೊತ್ತು ನಿಂತೆ,
ಹ್ಯಾಂಗ ಹೇಳಲಿ ಅಂತ ಮಾತು ಹೊಂದಸಿಕೋತ.
ಆಮ್ಯಾಲ ಸೈಕಲ್ ತಿರುವಿದೆ.